ಒಂದು ಲೋಟ ಕಹಿ ವೈನ್: ಕತರೀನಾ ಕೆಪ್ಲರ್ ಮೇಲಿನ ಮಾಟಗಾತಿ ಮೊಕದ್ದಮೆ, 1615–1621

ಜರ್ಮನಿಯ ಸ್ಟಟ್‌ಗಾರ್ಟ್ ನಗರದ ಪತ್ರಾಗಾರದಲ್ಲಿ 400 ವರ್ಷ ಹಳೆಯ ಕೋರ್ಟು ಕಡತವೊಂದಿದೆ. ಅದರಲ್ಲಿ ಗುಮಾಸ್ತನೊಬ್ಬ ಬರೆದಿಟ್ಟ ಸಾಲಿನ ತಾತ್ಪರ್ಯ ಇಷ್ಟು: ಬಂದಿಯಾದ ಹೆಂಗಸು ಹಾಜರಾದಳು, ದುರದೃಷ್ಟಕ್ಕೆ ಅವಳ ಸಹಾಯಕ್ಕೆ ಮಗ, ಗಣಿತಜ್ಞ ಯೋಹಾನ್ನೆಸ್ ಕೆಪ್ಲರ್ ಕೂಡ ಬಂದಿದ್ದಾನೆ.

‘ದುರದೃಷ್ಟಕ್ಕೆ’ ಅನ್ನುವ ಆ ಮಾತು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮುಪ್ಪಿನ ಮುದುಕಿಗೆ ಒಬ್ಬ ಜೊತೆಗಾರ ಸಿಕ್ಕಿದ್ದು ಕೋರ್ಟಿನವರಿಗೆ ಬೇಜಾರಿನ ವಿಷಯ. ಯಾಕೆಂದರೆ ಅಂಥ ಕೇಸುಗಳಲ್ಲಿ ಮಾಮೂಲಾಗಿ ಯಾರೂ ಜೊತೆಗೆ ಬರುತ್ತಿರಲಿಲ್ಲ. ಬಂದರೆ ತಮ್ಮ ಮೇಲೂ ಆರೋಪ ಬೀಳುತ್ತದೆ ಅನ್ನುವ ಭಯ. ಬಂದವನು ಬೇರೆ ಯಾರೂ ಅಲ್ಲ, ಗ್ರಹಗಳು ಸೂರ್ಯನ ಸುತ್ತ ದೀರ್ಘವೃತ್ತದಲ್ಲಿ ಸುತ್ತುತ್ತವೆ ಎಂದು ಕಂಡುಹಿಡಿದ ಅದೇ ಕೆಪ್ಲರ್. ಶಾಲೆಯಲ್ಲಿ ಅವನ ಮೂರು ನಿಯಮಗಳನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಅವನ ತಾಯಿಯ ಕಥೆಯನ್ನು ಮಾತ್ರ ಯಾವ ಮೇಷ್ಟ್ರೂ ಹೇಳಲಿಲ್ಲ.

ಸುಮಾರು 1450ರಿಂದ 1750ರ ನಡುವೆ ಯುರೋಪಿನಲ್ಲಿ ಮಾಟಗಾತಿ ಅನ್ನುವ ಹೆಸರಿನಲ್ಲಿ 40,000ದಿಂದ 60,000 ಜನರನ್ನು ಕೊಂದರು ಎಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಅವರಲ್ಲಿ ನಾಲ್ವರಲ್ಲಿ ಮೂವರು ಹೆಂಗಸರು. ಜರ್ಮನ್ ಭಾಷೆಯ ಸೀಮೆಗಳಲ್ಲಿ ಸತ್ತವರೇ ಜಾಸ್ತಿ. ಇಷ್ಟೊಂದು ಜನ ಹೇಗೆ ಸತ್ತರು, ಆಮೇಲೆ ಅದು ಹೇಗೆ ನಿಂತಿತು ಅನ್ನುವುದಕ್ಕೆ ದೊಡ್ಡ ದೊಡ್ಡ ವಿವರಣೆಗಳಿವೆ. ಕತರೀನಾಳ ಒಂದೇ ಕಡತದಲ್ಲಿ ಎರಡಕ್ಕೂ ಉತ್ತರ ಸಿಗುತ್ತದೆ ಅನ್ನುವುದು ನನ್ನ ನಂಬಿಕೆ. ಹಾಗಾಗಿ ಅದನ್ನೇ ಪೂರ್ತಿ ನೋಡೋಣ.

ಹೆಂಗಸು, ಊರು, ಜಗಳ

ಕತರೀನಾ ಹುಟ್ಟಿದ್ದು 1547ರ ಆಸುಪಾಸಿನಲ್ಲಿ, ವ್ಯೂರ್ಟೆಂಬೆರ್ಗ್ ಸಂಸ್ಥಾನದ ಎಲ್ಟಿಂಗೆನ್ ಅನ್ನುವ ಹಳ್ಳಿಯಲ್ಲಿ. ಅಪ್ಪ ಅಲ್ಲಿ ಛತ್ರ ನಡೆಸುತ್ತಿದ್ದ, ಊರಿನ ಮುಖ್ಯಸ್ಥನೂ ಆಗಿದ್ದ. 1571ರಲ್ಲಿ ಹೈನ್ರಿಖ್ ಕೆಪ್ಲರ್ ಜೊತೆ ಮದುವೆಯಾಯಿತು. ಅದೇ ವರ್ಷ ಡಿಸೆಂಬರ್ 27ರಂದು ಯೋಹಾನ್ನೆಸ್ ಹುಟ್ಟಿದ. ಗಂಡ ಕೂಲಿ ಸೈನಿಕ, ದುಡ್ಡು ಕೊಟ್ಟವರ ಕಡೆ ನಿಂತು ಹೋರಾಡುವವ. ಕೊನೆಗೊಂದು ದಿನ ಹೋದವನು ವಾಪಸ್ ಬರಲೇ ಇಲ್ಲ. ಆಕೆ ಎಲ್ಟಿಂಗೆನ್ ಪಕ್ಕದ ಲಿಯೋನ್‌ಬೆರ್ಗ್ ಪೇಟೆಯಲ್ಲಿ ಒಬ್ಬಳೇ ಸಂಸಾರ ನಡೆಸಿದಳು, ಮಕ್ಕಳನ್ನು ಬೆಳೆಸಿದಳು. ಸೊಪ್ಪು, ಬೇರುಗಳ ಔಷಧಿ ಗೊತ್ತಿತ್ತು. ಮನೆಯಲ್ಲಿ ತವರದ ಹೂಜಿಯಲ್ಲಿ ಗಿಡಮೂಲಿಕೆ ಹಾಕಿದ ವೈನ್ ಇರುತ್ತಿತ್ತು. ಬಂದವರಿಗೆ ಒಂದು ಲೋಟ ಕೊಡುವುದು ರೂಢಿ. ಬಾಯಿ ಸ್ವಲ್ಪ ಜೋರು. ಕರೆಯದಿದ್ದರೂ ಅಕ್ಕಪಕ್ಕದ ಮನೆಗೆ ಹೋಗಿ ಕಷ್ಟಸುಖ ವಿಚಾರಿಸುವ ಸ್ವಭಾವ.

ಇಂಥ ಅಜ್ಜಿಯಂದಿರು ಯಾವ ಊರಿನಲ್ಲಿ ಇರುವುದಿಲ್ಲ, ಹೇಳಿ?

ಅದೇ ಪೇಟೆಯಲ್ಲಿ ಉರ್ಸುಲಾ ರೈನ್‌ಬೋಲ್ಡ್ ಅಂತ ಒಬ್ಬಳಿದ್ದಳು. ಗಂಡ ಗಾಜಿನ ಕೆಲಸದವನು. ಕತರೀನಾಳ ಕಿರಿಯ ಮಗ ಕ್ರಿಸ್ಟೋಫ್ ತವರದ ಪಾತ್ರೆ ಮಾಡುವವನು. ಉರ್ಸುಲಾಗೂ ಅವನಿಗೂ ವ್ಯವಹಾರದಲ್ಲಿ ಜಗಳವಾಯಿತು. ಮಾತಿಗೆ ಮಾತು ಬೆಳೆದು ಕ್ರಿಸ್ಟೋಫ್ ಅವಳ ಹಿಂದಿನ ನಡತೆಯ ವಿಷಯ ಎತ್ತಿದ. ಕತರೀನಾ ಮಗನ ಪರ ನಿಂತಳು. ಉರ್ಸುಲಾಗೆ ಬಹಳ ದಿನದಿಂದ ಮೈ ಸರಿ ಇರಲಿಲ್ಲ. ತಲೆಯಲ್ಲಿ, ಹೊಟ್ಟೆಯಲ್ಲಿ ತಡೆಯಲಾರದ ನೋವು. ಈಗ ಅವಳಿಗೆ ಕಾರಣ ಹೊಳೆಯಿತು. ಕೆಲವು ವರ್ಷದ ಹಿಂದೆ ಕತರೀನಾ ಮನೆಯಲ್ಲಿ ಕುಡಿದ ಆ ವೈನ್ ಕಹಿಯಾಗಿತ್ತಲ್ಲ!

ನಮ್ಮ ಕಡೆ ‘ಯಾರೋ ಮದ್ದು ಹಾಕಿದ್ದಾರೆ’ ಅನ್ನುವ ಮಾತಿದೆ. ಊಟದಲ್ಲೋ ಕಾಫಿಯಲ್ಲೋ ಏನೋ ಸೇರಿಸಿ ಕೊಟ್ಟರು, ಅವತ್ತಿನಿಂದ ತಿಂದದ್ದು ಮೈಗೆ ಹತ್ತುತ್ತಿಲ್ಲ ಅಂತ. ಉರ್ಸುಲಾ ಹೇಳಿದ್ದು ಥೇಟ್ ಅದೇ. ವಾಸಿಯಾಗದ ಕಾಯಿಲೆಗೆ ಕಾರಣ ಬೇಕು. ಕಾರಣಕ್ಕೆ ಒಂದು ಮುಖ ಸಿಕ್ಕಿದರೆ ನೋವು ಕಡಿಮೆಯಾಗದಿದ್ದರೂ ಸಿಟ್ಟಿಗೆ ದಾರಿಯಾಗುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಇದು ಬೀದಿ ಜಗಳ. ಇಂಥ ಅನುಮಾನ ಯುರೋಪಿನ ಹಳ್ಳಿಗಳಲ್ಲಿ ನೂರಾರು ವರ್ಷದಿಂದ ಇತ್ತು. ಹಸು ಹಾಲು ಕೊಡದಿದ್ದರೆ, ಮಗು ಸತ್ತರೆ, ಆಲಿಕಲ್ಲು ಬಿದ್ದರೆ ಯಾರದೋ ಕಣ್ಣು, ಯಾರದೋ ಬಾಯಿ ಅನ್ನುತ್ತಿದ್ದರು. ಬೈದಾಡಿಕೊಂಡು ಸುಮ್ಮನಾಗುತ್ತಿದ್ದರು. ಬೀದಿಯ ಮಾತು ಸರ್ಕಾರದ ಕಡತಕ್ಕೆ ಹತ್ತಿದ ಮೇಲೆ ಜನ ಸಾಯತೊಡಗಿದರು. ಕತರೀನಾ ವಿಷಯದಲ್ಲಿ ಅದು ಹೇಗೆ ಹತ್ತಿತು ಅಂತ ನಿಲ್ಲಿಸಿ ನೋಡಬೇಕು.

ಅಮಲ್ದಾರನ ಮನೆಯಲ್ಲಿ ಕತ್ತಿ

1615ರ ಆಗಸ್ಟ್. ಉರ್ಸುಲಾಳ ಅಣ್ಣ ಉರ್ಬಾನ್ ಕ್ರೊಯ್ಟ್‌ಲಿನ್ ಲಿಯೋನ್‌ಬೆರ್ಗ್‌ಗೆ ಬಂದ. ಅವನು ಅರಮನೆಯ ಕ್ಷೌರಿಕ. ಆ ಕಾಲದಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವುದು, ರಕ್ತ ತೆಗೆಯುವುದು, ಔಷಧಿ ಕೊಡುವುದು ಎಲ್ಲ ಅವರದೇ ಕೆಲಸ. ತಂಗಿಗೆ ತಾನೂ ಚಿಕಿತ್ಸೆ ಕೊಟ್ಟಿದ್ದ, ಗುಣವಾಗಿರಲಿಲ್ಲ. ಊರಿನ ಫೋಗ್ಟ್ ಲುಥೆರುಸ್ ಐನ್‌ಹಾರ್ನ್ ಜೊತೆ ಕೂತು ಚೆನ್ನಾಗಿ ಕುಡಿದ. ಫೋಗ್ಟ್ ಅಂದರೆ ಹಳೇ ಮೈಸೂರಿನ ಅಮಲ್ದಾರನ ಥರ ಅಂದುಕೊಳ್ಳಿ, ಕಂದಾಯವೂ ಅವನದೇ, ಪೊಲೀಸು, ನ್ಯಾಯವೂ ಅವನದೇ. ಇಬ್ಬರೂ ಸೇರಿ ಕತರೀನಾಳನ್ನು ಕರೆಸಿದರು.

ಕ್ಷೌರಿಕ ಕತ್ತಿ ಹಿರಿದು ಆಕೆಗೆ ಹಿಡಿದ. ನನ್ನ ತಂಗಿಗೆ ಮಾಟ ಮಾಡಿದ್ದೀಯ, ಈಗ ಅದನ್ನು ಇಳಿಸುವ ಮದ್ದು ಕೊಡು ಅಂದ. ಆಗ ಆಕೆಗೆ 68ರ ಹತ್ತಿರ ವಯಸ್ಸು. ಒಬ್ಬಳೇ. ಎದುರಿಗೆ ಕುಡಿದ ಇಬ್ಬರು ಗಂಡಸರು, ಒಬ್ಬನ ಕೈಯಲ್ಲಿ ಕತ್ತಿ, ಇನ್ನೊಬ್ಬನ ಕೈಯಲ್ಲಿ ಸರ್ಕಾರ.

ಏನೋ ಒಂದು ಸೊಪ್ಪಿನ ಕಷಾಯ ಕೊಟ್ಟು ಬಚಾವಾಗೋಣ ಅನ್ನಿಸುವುದು ಸಹಜ. ಕೊಟ್ಟಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಇಳಿಸಲು ಬಂತು ಅಂದರೆ ಹಾಕಿದವಳೂ ನೀನೇ ಅನ್ನುತ್ತಿದ್ದರು. ಕತರೀನಾ ಕೊಡಲಿಲ್ಲ. ನಾನು ಕಾಯಿಲೆ ಬರಿಸಿಲ್ಲ, ಹಾಗಾಗಿ ವಾಸಿ ಮಾಡಲೂ ನನ್ನಿಂದ ಆಗದು ಅಂದಳು. ಆ ಒಂದು ಉತ್ತರ ಆಕೆಯ ಜೀವ ಉಳಿಸಿತು ಅಂತಲೇ ನನಗೆ ಅನ್ನಿಸುತ್ತದೆ. ಆರು ವರ್ಷದ ನಂತರ ಇನ್ನೂ ಘೋರವಾದ ಜಾಗದಲ್ಲಿ ಅದೇ ಉತ್ತರವನ್ನು ಕೊಡುವಳು.

ಮಕ್ಕಳು ಸೇರಿ ಉರ್ಸುಲಾ ಮತ್ತು ಅವಳ ಗಂಡನ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿದರು. ಮಗಳು ಮಾರ್ಗರೆಟಾ ದೂರದ ಆಸ್ಟ್ರಿಯಾ ಸೀಮೆಯ ಲಿಂಟ್ಸ್‌ನಲ್ಲಿದ್ದ ಅಣ್ಣನಿಗೆ ಕಾಗದ ಬರೆದಳು. ಅದು ಕೆಪ್ಲರ್ ಕೈ ಸೇರಿದಾಗ 1615ರ ಡಿಸೆಂಬರ್ 29. ನಾಲ್ಕೇ ದಿನದಲ್ಲಿ, ಜನವರಿ 2ರಂದು, ಅವನು ಲಿಯೋನ್‌ಬೆರ್ಗ್ ಪುರಸಭೆಗೆ ಕಿಡಿಕಾರುವ ಕಾಗದ ಬರೆದ.

ಈಗ ಐನ್‌ಹಾರ್ನ್ ಸ್ಥಿತಿ ಯೋಚಿಸಿ. ಮಾನನಷ್ಟದ ಕೇಸು ನಡೆದರೆ ಕತ್ತಿಯ ಪ್ರಸಂಗ ಹೊರಬರುತ್ತದೆ. ಕುಡಿದು ಕುಳಿತಿದ್ದು, ಕಾನೂನು ಕಾಯಬೇಕಾದವನೇ ಮುದುಕಿಯನ್ನು ಹೆದರಿಸಲು ಬಿಟ್ಟಿದ್ದು ಎಲ್ಲ. ಕತರೀನಾ ಮಾಟಗಾತಿ ಎಂದು ಸಾಬೀತಾದರೆ ಮಾತ್ರ ಅವನು ಪಾರು. ಹಾಗಾಗಿ ಅವನು ಕೇಸು ಎಳೆದ. ಒಂದು ವರ್ಷಕ್ಕೂ ಹೆಚ್ಚು ಎಳೆದ. ಮಾಟಗಾತಿ ಬೇಟೆಯ ಕಾರಣಗಳನ್ನು ಪಟ್ಟಿ ಮಾಡುವವರು ಧರ್ಮ, ಬಡತನ, ಹವಾಮಾನ ಎಲ್ಲ ಬರೆಯುತ್ತಾರೆ. ತಪ್ಪಿಲ್ಲ. ಆದರೆ ಅಧಿಕಾರಿಯೊಬ್ಬನಿಗೆ ತನ್ನ ತಪ್ಪು ಮುಚ್ಚಿಕೊಳ್ಳುವ ಅಗತ್ಯ ಬಿತ್ತು ಅನ್ನುವುದನ್ನು ನಾನು ಪಟ್ಟಿಯ ಮೇಲಿನ ಸಾಲಿನಲ್ಲೇ ಬರೆಯುತ್ತೇನೆ.

ಇಟ್ಟಿಗೆ ಹೊತ್ತ ಹುಡುಗಿ

ಅಂತೂ 1616ರ ಅಕ್ಟೋಬರ್‌ನಲ್ಲಿ ಸಾಕ್ಷಿ ವಿಚಾರಣೆಗೆ ದಿನ ನಿಗದಿಯಾಯಿತು. ಅದಕ್ಕೆ ಕೆಲವೇ ದಿನ ಮುಂಚೆ, ಅಕ್ಟೋಬರ್ 15ರಂದು, ಇಟ್ಟಿಗೆ ಹೊತ್ತುಕೊಂಡು ಹುಡುಗಿಯರು ದಾರಿಯಲ್ಲಿ ಬರುತ್ತಿದ್ದರು. ಎದುರಿನಿಂದ ಕತರೀನಾ ಬಂದಳು. ಪಕ್ಕದಲ್ಲಿ ಹಾದು ಹೋದಳು. ಅವರಲ್ಲಿ ಒಬ್ಬಳು ಕೂಲಿಕಾರನ ಮಗಳು, 12 ವರ್ಷ. ಅಜ್ಜಿ ನನ್ನ ತೋಳಿಗೆ ಹೊಡೆದಳು, ಅಲ್ಲಿಂದ ಕೈ ನೋಯುತ್ತಿದೆ, ಬೆರಳು ಆಡುತ್ತಿಲ್ಲ ಅಂದಳು. ಹೊಡೆದೇ ಇಲ್ಲ, ಸುಮ್ನೆ ಹಾದುಹೋದೆ ಅಂತ ಕತರೀನಾ.

ಐನ್‌ಹಾರ್ನ್ ಹುಡುಗಿಯ ತೋಳು ನೋಡಿ ತೀರ್ಪು ಕೊಟ್ಟೇಬಿಟ್ಟ: ಇದು ಮಾಟಗಾತಿಯ ಹಿಡಿತದ ಗುರುತು.

ಇಟ್ಟಿಗೆ ಹೊತ್ತವರಿಗೆ ಗೊತ್ತು, ತೋಳು ಜೋಮು ಹಿಡಿಯುವುದಕ್ಕೆ ಮಾಟ ಬೇಕಿಲ್ಲ. ಹುಡುಗಿಯ ನೋವು ಕೆಲವೇ ದಿನದಲ್ಲಿ ಹೋಯಿತು ಕೂಡ. ಕೆಪ್ಲರ್ ಮುಂದೆ ಇದನ್ನೇ ವಾದಿಸಿದ. ಆದರೆ ಆ ಹೊತ್ತಿಗೆ ಐನ್‌ಹಾರ್ನ್‌ಗೆ ಬೇಕಾದ್ದು ಸಿಕ್ಕಿತ್ತು. ಮಾನನಷ್ಟದ ವಿಚಾರಣೆ ಮುಂದಕ್ಕೆ ಹೋಯಿತು.

ಇಲ್ಲಿ ಕತರೀನಾ ತಾನೇ ಒಂದು ದೊಡ್ಡ ತಪ್ಪು ಮಾಡಿದಳು. ಇದನ್ನು ಬಿಟ್ಟುಬಿಡಿ, ಮೊದಲ ಕೇಸು ಬೇಗ ಮುಗಿಸಿ ಅಂತ ಐನ್‌ಹಾರ್ನ್‌ಗೆ ಒಂದು ಬೆಳ್ಳಿ ಬಟ್ಟಲು ಕೊಡಲು ಹೋದಳು. ಅವನು ಅದನ್ನೂ ಸಂಸ್ಥಾನದ ರಾಜಧಾನಿ ಸ್ಟಟ್‌ಗಾರ್ಟ್‌ಗೆ ವರದಿ ಮಾಡಿದ. ಹೆದರಿದ ಮಕ್ಕಳು ಆಕೆಯನ್ನು ಲಿಂಟ್ಸ್‌ಗೆ ಸಾಗಿಸಿದರು. ಅದಕ್ಕೂ ಅರ್ಥ ಕಟ್ಟಿದರು: ತಪ್ಪಿಲ್ಲದಿದ್ದರೆ ಯಾಕೆ ಓಡಿಹೋದಳು?

ಊರಿನ ನೆನಪು ಈಗ ಬದಲಾಗತೊಡಗಿತು. ಶಾಲೆಯ ಮೇಷ್ಟ್ರು ಬೊಯ್ಟೆಲ್ಸ್‌ಪಾಖರ್ ಕುಂಟ. ಕೆಪ್ಲರ್‌ನ ಸಹಪಾಠಿ, ಮಗನ ಕಾಗದಗಳನ್ನು ಕತರೀನಾಗೆ ಓದಿ ಹೇಳುತ್ತಿದ್ದವನು. ತನ್ನ ಕಾಲು ಹೋಗಿದ್ದು ಆಕೆ ಕೊಟ್ಟ ವೈನ್‌ನಿಂದಲೇ ಅಂದ. ಹಳ್ಳ ಹಾರುವಾಗ ಏಟು ಮಾಡಿಕೊಂಡಿದ್ದ ಅಂತ ಕೆಪ್ಲರ್ ಕಡೆಯವರ ಮಾತು. ದರ್ಜಿಯೊಬ್ಬ, ತೊಟ್ಟಿಲ ಮೇಲೆ ಬಾಗಿ ಏನೋ ಹರಸಿದಳು, ನನ್ನ ಎರಡು ಮಕ್ಕಳು ಸತ್ತರು ಅಂದ. ಮುಚ್ಚಿದ ಬಾಗಿಲಿನಿಂದ ಒಳಗೆ ಬರುತ್ತಾಳೆ ಅಂದರು. ದನಕರು, ಹಂದಿ ಎಲ್ಲ ಕಡತ ಸೇರಿದವು. ಆಕೆಯ ಸ್ವಂತ ಮಗ ಹೈನ್ರಿಖ್, ಯುದ್ಧದಿಂದ ಸೋತು ಬಂದವನು, ಹಿಂದೆ ಸಿಟ್ಟಿನಲ್ಲಿ ಅಮ್ಮನನ್ನೇ ಮಾಟಗಾತಿ ಅಂದಿದ್ದ. ಅವನು 1615ರಲ್ಲೇ ಸತ್ತಿದ್ದ, ಆ ಮಾತು ಮಾತ್ರ ಉಳಿದಿತ್ತು.

ಒಂದು ಆರೋಪವನ್ನು ಮಾತ್ರ ಆಕೆ ಒಪ್ಪಿಕೊಂಡಳು. ಎಲ್ಟಿಂಗೆನ್ ಸ್ಮಶಾನದಲ್ಲಿ ಅಪ್ಪನ ತಲೆಬುರುಡೆ ತೆಗೆದುಕೊಡು ಅಂತ ಗುಂಡಿ ತೋಡುವವನನ್ನು ಕೇಳಿದ್ದು ನಿಜ. ಹಿಂದಿನ ಕಾಲದವರು ಹಿರಿಯರ ಬುರುಡೆಯಲ್ಲಿ ಕುಡಿಯುವ ಪಾತ್ರೆ ಮಾಡಿಸುತ್ತಿದ್ದರಂತೆ ಅಂತ ಚರ್ಚಿನ ಉಪದೇಶದಲ್ಲಿ ಕೇಳಿದ್ದಳು. ದೊಡ್ಡ ವಿದ್ವಾಂಸನಾದ ಮಗನಿಗೆ ಬೆಳ್ಳಿ ಕಟ್ಟಿಸಿ ಅಂಥದ್ದೊಂದು ಕೊಡೋಣ ಅನ್ನುವ ಆಸೆ. ವಿಚಿತ್ರ ಆಸೆ, ಒಪ್ಪಿಕೊಳ್ಳೋಣ. ಆದರೆ ಅದರಲ್ಲಿ ನನಗೆ ಕಾಣುವುದು ಮಗನ ಬಗ್ಗೆ ಹೆಮ್ಮೆ ತಡೆಯಲಾರದ ಒಬ್ಬ ತಾಯಿ.

ಪೆಟ್ಟಿಗೆಯಲ್ಲಿ ಹೊತ್ತೊಯ್ದರು

ಮಧ್ಯದ ವರ್ಷಗಳನ್ನು ಬೇಗ ದಾಟುತ್ತೇನೆ. ಕತರೀನಾ ಲಿಂಟ್ಸ್‌ನಲ್ಲಿ ಇರಲಾರದೆ ವಾಪಸ್ ಬಂದಳು. 1617ರಲ್ಲಿ ಕೆಪ್ಲರ್ ತಾನೇ ಊರಿಗೆ ಬಂದು ಕೇಸು ಮುಗಿಸಲು ನೋಡಿದ, ಆಗಲಿಲ್ಲ. ಆ ಹೊತ್ತಿನಲ್ಲಿ ಅವನ ಮನೆಯಲ್ಲೂ ಸಾವಿನ ಮೇಲೆ ಸಾವು. ಅಜ್ಜಿಯ ಹೆಸರಿಟ್ಟಿದ್ದ ಕೂಸು ಕತರೀನಾ 1618ರ ಫೆಬ್ರವರಿಯಲ್ಲಿ ತೀರಿಕೊಂಡಿತು. ಅದೇ ವರ್ಷದ ಮೇ ತಿಂಗಳಲ್ಲಿ ಅವನು ತನ್ನ ಮೂರನೇ ನಿಯಮವನ್ನು ಖಚಿತ ಮಾಡಿಕೊಂಡ.

1620ರ ಆಗಸ್ಟ್ 7ರ ರಾತ್ರಿ. ಕತರೀನಾ ಹೊಯ್ಮಾಡೆನ್ ಎಂಬಲ್ಲಿ ಪಾದ್ರಿಯಾಗಿದ್ದ ಅಳಿಯನ ಮನೆಯಲ್ಲಿ ಮಲಗಿದ್ದಳು. ಸರ್ಕಾರದ ಆಳುಗಳು ಬಂದು ಆಕೆಯನ್ನು ಒಂದು ದೊಡ್ಡ ಪೆಟ್ಟಿಗೆಯಲ್ಲಿ ಕೂರಿಸಿ ಹೊತ್ತೊಯ್ದರು. 73 ವರ್ಷದ ಹೆಂಗಸು. ಕ್ರಿಸ್ಟೋಫ್‌ಗೆ ತನ್ನ ಊರಿನಲ್ಲೇ ಅಮ್ಮನ ವಿಚಾರಣೆ ನಡೆಯುವ ಅವಮಾನ ಬೇಡವಾಗಿತ್ತು. ಅವನು ಬೇಡಿಕೊಂಡ ಮೇಲೆ ಆಕೆಯನ್ನು ಗ್ಯೂಗ್ಲಿಂಗೆನ್ ಪೇಟೆಗೆ ಸಾಗಿಸಿದರು. ಅಲ್ಲಿ ಸರಪಳಿ ಹಾಕಿ ಇಟ್ಟರು. ಕಾವಲಿಗೆ ಇಬ್ಬರು. ಅವರ ಸಂಬಳ, ಅವರು ಚಳಿಗೆ ಸುಡುವ ಸೌದೆ, ಎಲ್ಲದಕ್ಕೂ ದುಡ್ಡು ಬಂದಿಯದೇ. ಕಾವಲುಗಾರರು ಸೌದೆಯನ್ನು ಬೇಕಾಬಿಟ್ಟಿ ಸುಟ್ಟು ಅಮ್ಮನ ಆಸ್ತಿ ಕರಗಿಸುತ್ತಿದ್ದಾರೆ ಅಂತ ಕೆಪ್ಲರ್ ದೂರು ಕೊಟ್ಟಿದ್ದ.

ಮೂವತ್ತು ವರ್ಷದ ಯುದ್ಧ ಶುರುವಾಗಿತ್ತು. ಲಿಂಟ್ಸ್‌ಗೆ ಬವೇರಿಯಾದ ಸೈನ್ಯ ನುಗ್ಗಿತ್ತು. ಕೆಪ್ಲರ್ ಹೆಂಡತಿ ಮಕ್ಕಳನ್ನು ರೇಗನ್ಸ್‌ಬುರ್ಗ್‌ನಲ್ಲಿ ಬಿಟ್ಟು ಅಮ್ಮನ ಕಡೆ ಹೊರಟ. ಚಕ್ರವರ್ತಿಯ ಗಣಿತಜ್ಞ ಅನ್ನುವ ಪದವಿ ಇದ್ದವನು ಮುಂದಿನ ಒಂದು ವರ್ಷಕ್ಕೂ ಹೆಚ್ಚು ಕಾಲ ಇದನ್ನೇ ಕೆಲಸ ಮಾಡಿಕೊಂಡ. ಗುಮಾಸ್ತನ ‘ದುರದೃಷ್ಟಕ್ಕೆ’ ಬಂದಿದ್ದು ಇಲ್ಲೇ.

ಕೆಪ್ಲರ್ ಹೇಗೆ ವಾದಿಸಿದ

ಒಂದು ವಿಷಯ ಮೊದಲೇ ಹೇಳಿಬಿಡಬೇಕು. ಮಾಟಗಾತಿಯರೇ ಇಲ್ಲ ಅಂತ ಕೆಪ್ಲರ್ ವಾದಿಸಲಿಲ್ಲ. ಅವನೂ ಆ ಕಾಲದವನೇ, ಇದ್ದಾರೆ ಅಂತಲೇ ನಂಬಿದ್ದ. ನನ್ನ ತಾಯಿ ಅಂಥವಳಲ್ಲ, ಹೌದು ಅನ್ನುವವರು ಒಂದೊಂದನ್ನೂ ತೋರಿಸಿ ಅಂದ.

128 ಪುಟಗಳ ಪ್ರತಿವಾದ ತಯಾರಾಯಿತು, ಬಹುಪಾಲು ಅವನದೇ ಕೈಬರಹ. ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ಕ್ರಿಸ್ಟೋಫ್ ಬೆಸೋಲ್ಡ್ ವಿದ್ಯಾರ್ಥಿ ಕಾಲದ ಗೆಳೆಯ, ಅವನ ಸಲಹೆಯೂ ಇತ್ತು. ಪ್ರತಿ ಆರೋಪಕ್ಕೂ ಕೆಪ್ಲರ್ ಕೇಳಿದ ಪ್ರಶ್ನೆಗಳು ಒಂದೇ ಥರ. ಇದು ಯಾವಾಗ ನಡೆಯಿತು? ಜಗಳಕ್ಕೆ ಮುಂಚೆಯೋ ಆಮೇಲೋ? ನಡೆದ ದಿನ ಯಾಕೆ ದೂರು ಕೊಡಲಿಲ್ಲ? ಈ ನೋವಿಗೆ ಬೇರೆ ಕಾರಣ ಇರಬಹುದಾ? ಉರ್ಸುಲಾ ಅದಕ್ಕೆ ಮುಂಚೆಯೇ ಏನೇನು ಔಷಧಿ ತೆಗೆದುಕೊಂಡಿದ್ದಳು, ಕ್ಷೌರಿಕ ಅಣ್ಣ ಏನು ಕೊಟ್ಟಿದ್ದ ಅನ್ನುವುದನ್ನೆಲ್ಲ ಹೊರತೆಗೆದ. ಗ್ರಹಗಳ ಸ್ಥಾನ ತಾಳೆ ನೋಡಿದ ಕಣ್ಣಿನಲ್ಲೇ ಸಾಕ್ಷಿಗಳ ತಾರೀಖು ತಾಳೆ ನೋಡಿದ.

ವಿಚಾರಣೆಯಲ್ಲಿ ಆಕೆಯ ಕಣ್ಣಲ್ಲಿ ನೀರು ಬರಲಿಲ್ಲ ಅನ್ನುವುದೂ ಒಂದು ಪುರಾವೆಯಾಗಿತ್ತು. ಮಾಟಗಾತಿಯರಿಗೆ ಅಳು ಬರುವುದಿಲ್ಲ ಅಂತ ಆಗಿನ ನಂಬಿಕೆ. ಜೀವನದಲ್ಲಿ ಅತ್ತು ಅತ್ತು ಈಗ ಕಣ್ಣೀರೇ ಉಳಿದಿಲ್ಲ ಅಂದಳು ಕತರೀನಾ.

ಇಲ್ಲಿ ಕಾನೂನಿನ ಯಂತ್ರವನ್ನು ಸ್ವಲ್ಪ ಬಿಚ್ಚಿ ನೋಡಬೇಕು. 1532ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಜರ್ಮನ್ ಸೀಮೆಗಳಿಗೆ ಕೊಟ್ಟ ದಂಡಸಂಹಿತೆಯ ಹೆಸರು ಕರೋಲಿನಾ. ಮಾಟದಿಂದ ಕೆಡುಕು ಮಾಡಿದರೆ ಬೆಂಕಿಯ ಶಿಕ್ಷೆ. ಮರಣದಂಡನೆಗೆ ತಪ್ಪೊಪ್ಪಿಗೆ ಬೇಕು, ಇಲ್ಲವೇ ಕಣ್ಣಾರೆ ಕಂಡ ಇಬ್ಬರು ಸಾಕ್ಷಿ ಬೇಕು. ಮಾಟವನ್ನು ಕಣ್ಣಾರೆ ಕಂಡವರು ಯಾರು? ಹಾಗಾಗಿ ಎಲ್ಲ ಭಾರ ತಪ್ಪೊಪ್ಪಿಗೆಯ ಮೇಲೆ ಬಿತ್ತು. ತಪ್ಪೊಪ್ಪಿಗೆಗೆ ಚಿತ್ರಹಿಂಸೆ. ಹಿಂಸೆ ತಡೆಯಲಾರದೆ ಒಪ್ಪಿಕೊಂಡವಳನ್ನು, ಮಾಟಗಾತಿಯರ ಕೂಟದಲ್ಲಿ ಇನ್ನು ಯಾರ್ಯಾರು ಇದ್ದರು ಅಂತ ಕೇಳುವರು. ಅವಳು ಹೆಸರು ಹೇಳುವಳು. ಆ ಹೆಸರಿನವರನ್ನು ಎಳೆದು ತರುವರು. ಒಂದು ಕೇಸು ನೂರಾಗುವುದು ಹೀಗೆ.

ಅದೇ ಸಂಹಿತೆಯಲ್ಲಿ ತಡೆಗಳೂ ಇದ್ದವು. ಗಟ್ಟಿ ಸುಳಿವಿಲ್ಲದೆ ಹಿಂಸೆ ಕೊಡಬಾರದು. ಸಂದೇಹ ಬಂದರೆ ಕಾನೂನು ಬಲ್ಲವರನ್ನು ಕೇಳಬೇಕು. ವ್ಯೂರ್ಟೆಂಬೆರ್ಗ್‌ನಲ್ಲಿ ಈ ತಡೆಗಳನ್ನು ಪಾಲಿಸುತ್ತಿದ್ದರು. ಐನ್‌ಹಾರ್ನ್ ತನ್ನಿಷ್ಟಕ್ಕೆ ಯಾರನ್ನೂ ಸುಡುವಂತಿರಲಿಲ್ಲ. ಕಡತ ಸ್ಟಟ್‌ಗಾರ್ಟ್‌ಗೆ ಹೋಗಬೇಕು, ಅಲ್ಲಿಂದ ಟ್ಯೂಬಿಂಗೆನ್‌ನ ಕಾನೂನು ಪ್ರಾಧ್ಯಾಪಕರಿಗೆ. ಅವರು ಕತರೀನಾಳ ನೆರೆಯವರಲ್ಲ. ಆಕೆಯ ವೈನ್ ಕುಡಿದವರಲ್ಲ. ಅವರಿಗೆ ಕಾಣುವುದು ಕಾಗದ ಮಾತ್ರ, ಮಗುವನ್ನು ಕಳೆದುಕೊಂಡ ದರ್ಜಿಯ ಮುಖವಲ್ಲ. ಈ ದೂರವೇ ಆಕೆಯನ್ನು ಕಾಪಾಡಿತು.

ಆ ಸೀಮೆಯ ಚರ್ಚಿನಲ್ಲೂ ಒಂದು ಬೇರೆ ಧಾಟಿ ಇತ್ತು. ಸುಧಾರಕ ಯೋಹಾನ್ನೆಸ್ ಬ್ರೆಂಟ್ಸ್ 1539ರಲ್ಲೇ ಆಲಿಕಲ್ಲು ಮಳೆ ಮಾಟಗಾತಿಯರ ಕೈಯಲ್ಲಿಲ್ಲ, ಅದು ದೇವರ ಕೈಯಲ್ಲಿದೆ ಎಂದು ಉಪದೇಶ ಮಾಡಿದ್ದ. ಕಷ್ಟ ಬಂದರೆ ನೆರೆಯವಳನ್ನು ಹುಡುಕಬೇಡ, ನಿನ್ನ ಪಾಪ ನೋಡಿಕೋ ಅಂತ. ಪಕ್ಕದ ಪುಟ್ಟ ಸೀಮೆ ವೀಸೆನ್‌ಸ್ಟೈಗ್‌ನಲ್ಲಿ ಈ ಮಾತು ನಡೆಯಲಿಲ್ಲ. 1562ರ ಆಗಸ್ಟ್‌ನ ಒಂದು ಭಾರಿ ಆಲಿಕಲ್ಲು ಮಳೆಯ ನಂತರ ಅಲ್ಲಿ 63 ಹೆಂಗಸರನ್ನು ಕೊಂದರು. ಯುರೋಪಿನಲ್ಲಿ ಚಳಿ ಹೆಚ್ಚಾಗಿ ಬೆಳೆ ಕೈಕೊಡುತ್ತಿದ್ದ ಕಾಲ ಅದು. ಹಸಿವು ಎಲ್ಲ ಕಡೆ ಇತ್ತು, ಸಾವಿನ ಲೆಕ್ಕ ಮಾತ್ರ ಊರಿಂದೂರಿಗೆ ಬೇರೆ.

1621ರ ಸೆಪ್ಟೆಂಬರ್ 28

ಟ್ಯೂಬಿಂಗೆನ್‌ನವರು ಕೊಟ್ಟ ಅಭಿಪ್ರಾಯ ನಡುಮಧ್ಯದ್ದು. ಚಿತ್ರಹಿಂಸೆ ಕೊಡುವಷ್ಟು ಪುರಾವೆ ಇಲ್ಲ. ಸುಮ್ಮನೆ ಬಿಡುವಷ್ಟು ಶುದ್ಧವೂ ಇಲ್ಲ. ಹಿಂಸೆಯ ಸಲಕರಣೆಗಳನ್ನು ತೋರಿಸಿ, ಬಾಯಿಮಾತಿನಲ್ಲಿ ಹೆದರಿಸಿ, ಏನು ಹೇಳುತ್ತಾಳೋ ನೋಡಿ ಅಂದರು.

ಆ ದಿನ ಗ್ಯೂಗ್ಲಿಂಗೆನ್‌ನಲ್ಲಿ ಆಕೆಯನ್ನು ಹಿಂಸೆಯ ಜಾಗಕ್ಕೆ ಕರೆದೊಯ್ದರು. ಅಲ್ಲಿ ಮಗನಿಲ್ಲ. ವಧಕಾರ ಎದುರಿಗೆ ನಿಂತು ಕಬ್ಬಿಣದ ಸಲಕರಣೆಗಳನ್ನು ಒಂದೊಂದಾಗಿ ತೋರಿಸಿದ. ಇದರಿಂದ ಏನು ಮಾಡುತ್ತೇನೆ, ಎಷ್ಟು ನೋಯುತ್ತದೆ ಅಂತ ವಿವರಿಸಿದ. ಇದು ಬರೀ ಬೆದರಿಕೆ ಅಂತ ಆಕೆಗೆ ಯಾರೂ ಹೇಳಿರಲಿಲ್ಲ. ನಿಜವಾಗಿ ಶುರು ಮಾಡುತ್ತಾರೆ ಅಂತಲೇ ಆಕೆ ತಿಳಿದಿರಬೇಕು.

ಅಲ್ಲಿನ ಫೋಗ್ಟ್ ಔಲ್ಬರ್ ಬರೆದ ವರದಿ ಉಳಿದಿದೆ. ನನ್ನ ಮೈಯಿಂದ ಒಂದೊಂದೇ ನರ ಎಳೆದು ತೆಗೆದರೂ ಒಪ್ಪಿಕೊಳ್ಳಲು ನನ್ನಲ್ಲಿ ಏನೂ ಇಲ್ಲ ಅಂದಳಂತೆ. ಮೊಣಕಾಲೂರಿ ದೇವರ ಪ್ರಾರ್ಥನೆ ಹೇಳಿದಳು. ನಾನು ಮಾಟಗಾತಿಯಾಗಿದ್ದರೆ ದೇವರು ಈಗಲೇ ಒಂದು ಗುರುತು ತೋರಿಸಲಿ ಅಂದಳು.

ಗುರುತೇನೂ ಕಾಣಲಿಲ್ಲ. ಮಾಡಿಲ್ಲ, ಅದಕ್ಕೇ ಹೇಳಲು ಏನಿಲ್ಲ ಅನ್ನುವ ಆ ಮಾತು 1615ರಲ್ಲಿ ಕತ್ತಿಯ ಮುಂದೆ ಹೇಳಿದ್ದೇ. ಡ್ಯೂಕ್ ಯೋಹಾನ್ ಫ್ರೀಡ್ರಿಖ್ ಬಿಡುಗಡೆಗೆ ಆಜ್ಞೆ ಮಾಡಿದ. 14 ತಿಂಗಳ ಸೆರೆ ಮುಗಿಯಿತು.

ಅದೇ ಕಾನೂನು, ಬೇರೆ ಊರು

ಏಳೇ ವರ್ಷದ ಮೇಲೆ, ಅದೇ ಸಾಮ್ರಾಜ್ಯದ ಬಾಂಬೆರ್ಗ್ ನಗರದಲ್ಲಿ ನಡೆದದ್ದನ್ನು ಪಕ್ಕದಲ್ಲಿಟ್ಟು ನೋಡಬೇಕು. ಆಳುವವನು ಒಬ್ಬ ಬಿಷಪ್, ಧರ್ಮಗುರುವೂ ಅವನೇ, ರಾಜನೂ ಅವನೇ. 1626ರ ಮೇ ತಿಂಗಳ ಹಿಮ ಆ ಸೀಮೆಯ ದ್ರಾಕ್ಷಿ ತೋಟಗಳನ್ನು ಸುಟ್ಟುಹಾಕಿತ್ತು. ಅವನು ಮಾಟಗಾತಿಯರಿಗೆಂದೇ ಒಂದು ಸೆರೆಮನೆ ಕಟ್ಟಿಸಿದ, ವಿಚಾರಣೆಗೆ ತನ್ನದೇ ಆಯೋಗ ಮಾಡಿದ. ಕಡತ ಯಾವ ದೂರದ ವಿಶ್ವವಿದ್ಯಾಲಯಕ್ಕೂ ಹೋಗುತ್ತಿರಲಿಲ್ಲ. ಸತ್ತವರ ಆಸ್ತಿ ಸರ್ಕಾರಕ್ಕೆ. ಅಲ್ಲಿ ಸಿಕ್ಕಿಬಿದ್ದವರಲ್ಲಿ ನಗರದ ಮೇಯರ್ ಯೋಹಾನ್ನೆಸ್ ಯೂನಿಯುಸ್ ಕೂಡ ಒಬ್ಬ. 1628ರ ಜುಲೈ 24ರಂದು ಅವನು ಹಿಂಸೆಯಿಂದ ಜಜ್ಜಿಹೋದ ಕೈಯಲ್ಲಿ ಮಗಳು ವೆರೋನಿಕಾಗೆ ಗುಟ್ಟಾಗಿ ಕಾಗದ ಬರೆದ. ನಾನು ನಿರಪರಾಧಿ, ಇಲ್ಲಿಗೆ ಬಂದವರು ಮಾಟಗಾರರಾಗಲೇಬೇಕು, ಇಲ್ಲದಿದ್ದರೆ ಆಗುವವರೆಗೂ ಹಿಂಸಿಸುತ್ತಾರೆ ಅಂತ. ಏನಾದರೂ ಒಂದು ಕಟ್ಟಿ ಹೇಳಿಬಿಡಿ ಅಂತ ವಧಕಾರನೇ ಅವನನ್ನು ಬೇಡಿಕೊಂಡಿದ್ದ. ಅವನನ್ನು ಕೊಂದರು.

ಯೂನಿಯುಸ್ ಮೇಯರ್, ಓದಿದವನು, ಗಂಡಸು. ಕತರೀನಾ ಸೊಪ್ಪು ಕುದಿಸುವ ಅಜ್ಜಿ. ಬದುಕಿದ್ದು ಅಜ್ಜಿ. ಮಾಟದ ಭಯ ಎರಡೂ ಊರಲ್ಲಿ ಒಂದೇ. ಬಾಂಬೆರ್ಗ್‌ನಲ್ಲಿ ದೂರು ಕೊಡುವವರು, ವಿಚಾರಿಸುವವರು, ಲಾಭ ಪಡೆಯುವವರು ಒಂದೇ ಸೂರಿನಡಿ ಇದ್ದರು. ಮಧ್ಯೆ ಬಂದು, ನಿಲ್ಲಿ, ಇದಕ್ಕೆ ಪುರಾವೆ ಎಲ್ಲಿ ಅನ್ನುವವರು ಇರಲಿಲ್ಲ.

ಹೇಗೆ ಕಡಿಮೆಯಾಯಿತು

ವಿಜ್ಞಾನ ಬೆಳೆಯಿತು, ಜನರಿಗೆ ಬುದ್ಧಿ ಬಂತು, ಬೇಟೆ ನಿಂತಿತು ಅಂತ ಸುಲಭವಾಗಿ ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ತಾರೀಖುಗಳನ್ನು ಸಾಲಾಗಿ ಇಟ್ಟರೆ ಬೇರೆ ಚಿತ್ರ ಕಾಣುತ್ತದೆ. ಜನ ನಂಬುವುದನ್ನು ಬಿಡುವ ಎಷ್ಟೋ ಮುಂಚೆ ಕೋರ್ಟುಗಳು ಆ ನಂಬಿಕೆಯನ್ನು ಪುರಾವೆ ಅಂತ ತೆಗೆದುಕೊಳ್ಳುವುದನ್ನು ಬಿಟ್ಟವು.

ಸ್ಪೇನಿನಲ್ಲಿ ಧರ್ಮನ್ಯಾಯಾಲಯದ ಅಧಿಕಾರಿ ಸಲಾಸಾರ್ 1611ರಲ್ಲಿ ಬಾಸ್ಕ್ ಹಳ್ಳಿಗಳನ್ನು ಸುತ್ತಿ 1,800ಕ್ಕೂ ಹೆಚ್ಚು ಜನರ ಹೇಳಿಕೆ ಪಡೆದ. ಅವರಲ್ಲಿ ಹೆಚ್ಚಿನವರು ಮಕ್ಕಳು. ತಾಳೆ ನೋಡಿದರೆ ಒಂದಕ್ಕೊಂದು ಹೊಂದಲಿಲ್ಲ. ಅದರ ಬಗ್ಗೆ ಮಾತಾಡುವುದು, ಬರೆಯುವುದು ಶುರುವಾಗುವವರೆಗೂ ಇಲ್ಲಿ ಮಾಟಗಾತಿಯರೇ ಇರಲಿಲ್ಲ ಅಂತ ವರದಿ ಕೊಟ್ಟ. 1614ರಲ್ಲಿ ಅಲ್ಲಿ ಬಿಗಿ ನಿಯಮಗಳು ಬಂದವು. ಪ್ಯಾರಿಸ್‌ನ ಉನ್ನತ ನ್ಯಾಯಾಲಯ 1624ರಲ್ಲಿ ಕೆಳಗಿನ ಕೋರ್ಟುಗಳ ಇಂಥ ಶಿಕ್ಷೆಗಳೆಲ್ಲ ಕಡ್ಡಾಯವಾಗಿ ತನ್ನ ಮುಂದೆ ಮೇಲ್ಮನವಿಗೆ ಬರಬೇಕು ಅಂದಿತು. 1631ರಲ್ಲಿ ಜರ್ಮನ್ ಜೆಸ್ವಿಟ್ ಪಾದ್ರಿ ಫ್ರೀಡ್ರಿಖ್ ಶ್ಪೇ ಹೆಸರು ಹಾಕದೆ ಒಂದು ಪುಸ್ತಕ ಹೊರತಂದ. ಚಿತ್ರಹಿಂಸೆಯೇ ಮಾಟಗಾತಿಯರನ್ನು ಹುಟ್ಟಿಸುತ್ತದೆ ಅನ್ನುವುದು ಅದರ ಜೀವಾಳ. ಫ್ರಾನ್ಸಿನ ದೊರೆ 14ನೇ ಲೂಯಿ 1682ರ ಆಜ್ಞೆಯಲ್ಲಿ ಮಾಟವನ್ನು ಬರೀ ಸೋಗು ಅಂತ ಕರೆದ. ಪ್ರಷ್ಯದ ದೊರೆ 1714ರಲ್ಲಿ ಇಂಥ ಮರಣದಂಡನೆಗಳಿಗೆಲ್ಲ ತನ್ನ ಒಪ್ಪಿಗೆ ಬೇಕು ಅಂದ. ಬ್ರಿಟನ್ 1735ರಲ್ಲಿ ಹಳೇ ಕಾನೂನನ್ನೇ ತೆಗೆದುಹಾಕಿತು. ಎಲ್ಲೆಲ್ಲಿ ಕಡತ ಊರು ಬಿಟ್ಟು ದೂರದ ಮೇಜಿಗೆ ಹೋಗಬೇಕಾಯಿತೋ ಅಲ್ಲಲ್ಲಿ ಸಾವು ಇಳಿಯಿತು. ಸ್ವಿಟ್ಸರ್‌ಲೆಂಡಿನ ಗ್ಲಾರುಸ್‌ನಂಥ ಪುಟ್ಟ ಸೀಮೆಯಲ್ಲಿ 1782ರಲ್ಲೂ ಆನಾ ಗೋಲ್ಡಿ ಎಂಬ ಮನೆಕೆಲಸದ ಹೆಂಗಸಿನ ತಲೆ ಕಡಿದರು. ಮನೆ ಯಜಮಾನನ ಮಗಳಿಗೆ ಮಾಟ ಮಾಡಿದಳು ಅನ್ನುವ ದೂರಿನ ಮೇಲೆ. ಅಲ್ಲಿನ ಸಂಸತ್ತು ಆಕೆ ನಿರ್ದೋಷಿ ಅಂದಿದ್ದು 2008ರಲ್ಲಿ.

ಆದರೆ ಒಂದು ಮಾತು ಮುಚ್ಚಿಡಬಾರದು. ಕತರೀನಾಗೆ ಚಕ್ರವರ್ತಿಯ ಗಣಿತಜ್ಞ ಮಗನಿದ್ದ, ಆ ಮಗನಿಗೆ ಟ್ಯೂಬಿಂಗೆನ್‌ನಲ್ಲಿ ಗೆಳೆಯನಿದ್ದ. 1613ರಿಂದ 1629ರವರೆಗೆ ಐನ್‌ಹಾರ್ನ್ ಅಧಿಕಾರದಲ್ಲಿದ್ದಾಗ ಲಿಯೋನ್‌ಬೆರ್ಗ್‌ನಲ್ಲಿ 15 ಹೆಂಗಸರ ಮೇಲೆ ಈ ಆರೋಪ ಬಂತು. ಎಂಟು ಮಂದಿಯನ್ನು ಕೊಂದರು. ಅವರ ಕಡತಗಳೂ ಇದೇ ನಿಯಮದಡಿ ಇದ್ದವು. ಅವರಿಗಾಗಿ 128 ಪುಟ ಬರೆಯುವವರು ಇರಲಿಲ್ಲ.

ಬಿಡುಗಡೆಯ ನಂತರ

ಕತರೀನಾ ಲಿಯೋನ್‌ಬೆರ್ಗ್‌ಗೆ ವಾಪಸ್ ಹೋಗಲು ಆಗಲಿಲ್ಲ. ಬಂದರೆ ಕೊಂದೇ ಹಾಕುತ್ತೇವೆ ಅಂತ ಊರಿನವರು ಕಾದಿದ್ದರು. ಕೋರ್ಟು ಬಿಟ್ಟರೂ ಬೀದಿ ಬಿಡಲಿಲ್ಲ. ವಿಚಾರಣೆಯ ಖರ್ಚು ಯಾರು ಎಷ್ಟು ಕೊಡಬೇಕು ಅನ್ನುವ ಜಗಳ ಬೇರೆ. ಆರು ತಿಂಗಳು ಕಳೆದು, 1622ರ ಏಪ್ರಿಲ್ 13ರಂದು ಆಕೆ ಸತ್ತಳು.

ಕೆಪ್ಲರ್ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯಿತು. ಅವನು ಯಾವತ್ತೋ ಚಂದ್ರನಿಗೆ ಪ್ರಯಾಣ ಮಾಡುವ ಒಂದು ಕನಸಿನ ಕಥೆ ಬರೆದಿದ್ದ. ಚಂದ್ರನಿಂದ ಭೂಮಿ ಹೇಗೆ ಕಾಣುತ್ತದೆ ಅಂತ ತೋರಿಸುವುದು ಅದರ ಉದ್ದೇಶ. ಅದರಲ್ಲಿ ಕಥೆ ಹೇಳುವವನ ತಾಯಿ ಗಿಡಮೂಲಿಕೆ ಮಾರುವ ಹೆಂಗಸು, ಭೂತಗಳನ್ನು ಕರೆಯಬಲ್ಲವಳು. ಹಸ್ತಪ್ರತಿ ಕೈಯಿಂದ ಕೈಗೆ ಹೋಗಿತ್ತು. ಆ ಕಥೆ ಕ್ಷೌರದಂಗಡಿಗಳ ಮಾತಾಗಿ, ಅಲ್ಲಿಂದ ಅಮ್ಮನ ಮೇಲಿನ ಅಪವಾದಕ್ಕೆ ಬೆಂಕಿಯಾಯಿತು ಅಂತ ಅವನು ನಂಬಿದ್ದ. ಅದು ನಿಜವಲ್ಲ ಎಂದು ಈಗಿನ ಕೆಲವು ಇತಿಹಾಸಕಾರರು ಹೇಳುತ್ತಾರೆ. ಅಮ್ಮ ಸತ್ತ ಮೇಲೆ ಅವನು ಆ ಕಥೆಯನ್ನು ಮತ್ತೆ ತೆಗೆದು, ವರ್ಷಗಟ್ಟಲೆ ಕೂತು, ಕೆಳಗೆ ಟಿಪ್ಪಣಿ ಬರೆಯುತ್ತ ಹೋದ. ಇದಕ್ಕೆ ಈ ಅರ್ಥ, ಅದಕ್ಕೆ ಆ ಅರ್ಥ ಅಂತ. ಟಿಪ್ಪಣಿಗಳು ಕಥೆಗಿಂತ ಉದ್ದವಾದವು. 1630ರಲ್ಲಿ ಅವನು ಸಾಯುವಾಗಲೂ ಅದು ಇನ್ನೂ ಅಚ್ಚಾಗಿರಲಿಲ್ಲ.